ಸಾಕ್ಷಿ ಹೇಳುವ ವಾಕ್ಯ

ಪ್ರಿಯ ಮಿತ್ರರೇ,

'ಬರಹಗಾರ ಸಮಾಜದ ಆತ್ಮಸಾಕ್ಷಿ' ಎಂದು ನಿಮ್ಮ ಲೇಖನ ಶುರುವಾಗುತ್ತದೆ. ಆ ಸಾಲನ್ನು ತೆಗೆದುಬಿಡಿ. ಅದು ಓದುಗರು ಕೊಡಬೇಕಾದ ಬಿರುದು, ನಾವೇ ಕಟ್ಟಿಕೊಳ್ಳುವುದಲ್ಲ. ಆದರೆ ಪದವನ್ನು ಇಟ್ಟುಕೊಳ್ಳಿ. ಆತ್ಮಸಾಕ್ಷಿ, ಮನಸ್ಸಾಕ್ಷಿ, ಅಂತಃಸಾಕ್ಷಿ, ಯಾವುದನ್ನು ಬಿಡಿಸಿದರೂ ಒಳಗೆ ಒಬ್ಬ ಸಾಕ್ಷಿ ಇದ್ದಾನೆ. ಸಾಕ್ಷಿಯನ್ನು ಯಾರೂ 'ನಿನಗೆ ಎಷ್ಟು ದುಃಖವಾಯಿತು' ಎಂದು ಕೇಳುವುದಿಲ್ಲ. ಯಾರು, ಯಾರಿಗೆ, ಏನು ಮಾಡಿದರು, ಎಲ್ಲಿ, ಯಾವಾಗ, ಅದು ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ. ನಿಮ್ಮ ಪ್ರತಿ ಪ್ಯಾರಾವನ್ನೂ ಈ ಪ್ರಶ್ನೆಗಳ ಮುಂದೆ ನಿಲ್ಲಿಸಿ.

ಎಲ್ಲರೂ ಒಪ್ಪಿದ್ದೇ ಸಮಾಜದ ಆತ್ಮಸಾಕ್ಷಿ ಎಂಬ ತಪ್ಪನ್ನು ಮಾಡಬೇಡಿ. ಸಮಾಜವನ್ನು ಹಿಡಿದಿಡುವ ಸಮಾನ ನಂಬಿಕೆ, ಭಾವನೆಗಳ ಬಗ್ಗೆ ಫ್ರೆಂಚ್ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕ್‌ಹೈಮ್ 1893ರಲ್ಲೇ ವಿವರವಾಗಿ ಬರೆದ. ಅಂಥ ಒಮ್ಮತ ಕ್ರೂರವೂ ಆಗಿರಬಹುದು. ಅದೇ ಕಾಲದ ಅಮೆರಿಕದಲ್ಲಿ ಕರಿಯರನ್ನು ಗುಂಪುಗಟ್ಟಿ ಕೊಲ್ಲುತ್ತಿದ್ದವರ ನಡುವೆ ಒಮ್ಮತಕ್ಕೇನೂ ಕೊರತೆಯಿರಲಿಲ್ಲ. ಸತ್ತವರು ಅತ್ಯಾಚಾರಿಗಳು ಎಂಬ ಸಮರ್ಥನೆಯೂ ಸಿದ್ಧವಾಗಿರುತ್ತಿತ್ತು. ಪತ್ರಕರ್ತೆ ಐಡಾ ಬಿ. ವೆಲ್ಸ್ 1892ರಲ್ಲಿ ಲೆಕ್ಕ ತೆಗೆದರು: ಎಂಟು ವರ್ಷಗಳಲ್ಲಿ ಹೀಗೆ ಕೊಲೆಯಾದ 728 ಜನರಲ್ಲಿ ಆ ಆರೋಪವಾದರೂ ಇದ್ದದ್ದು ಮೂರನೇ ಒಂದು ಭಾಗದ ಮೇಲೆ ಮಾತ್ರ. ಅಂಕಿಗಳನ್ನು ಅವರು ತೆಗೆದುಕೊಂಡದ್ದು ಬಿಳಿಯರೇ ನಡೆಸುತ್ತಿದ್ದ 'ಷಿಕಾಗೋ ಟ್ರಿಬ್ಯೂನ್' ಪತ್ರಿಕೆಯಿಂದ. ನೊಂದವರ ಕಡೆಯ ಲೆಕ್ಕವನ್ನು 'ಉತ್ಪ್ರೇಕ್ಷೆ' ಎಂದು ತಳ್ಳಿಹಾಕಬಹುದು, ತಮ್ಮವರೇ ಅಚ್ಚು ಹಾಕಿದ್ದನ್ನು ತಳ್ಳುವುದು ಹೇಗೆ? ಎದುರು ಪಕ್ಷದ ಕಡತ, ವರದಿ, ಹೇಳಿಕೆಗಳನ್ನೇ ಮೊದಲು ಹುಡುಕಿ ಎಂದು ನಾನು ಹೇಳುವುದು ಅದಕ್ಕೇ.

ಅಳತೆಯ ಬಲವನ್ನೂ ನೋಡಿ. ಗುಲಾಮರ ಸಾಗಣೆಯ ವಿರೋಧಿಗಳು 1788ರಲ್ಲಿ ಇಂಗ್ಲೆಂಡಿನಲ್ಲಿ 'ಬ್ರೂಕ್ಸ್' ಎಂಬ ಹಡಗಿನ ನಕ್ಷೆ ಅಚ್ಚು ಹಾಕಿಸಿದರು. ಒಬ್ಬ ಗಂಡಸಿಗೆ 6 ಅಡಿ ಉದ್ದ, 16 ಇಂಚು ಅಗಲ. ಹೊಸ ಕಾನೂನು ಆ ಹಡಗಿಗೆ ಅನುಮತಿಸಿದ್ದು 454 ಜನರನ್ನು, ಅದಕ್ಕೂ ಮೊದಲು ಅದು 609 ಜನರನ್ನು ತುಂಬಿಕೊಂಡು ಹೋದದ್ದಿತ್ತು. 16 ಇಂಚನ್ನು ನಿಮ್ಮ ಮೇಜಿನ ಮೇಲೆ ಅಳೆದು ನೋಡಿ. 'ಅಮಾನುಷ' ಎಂಬ ಪದ ಆಮೇಲೆ ಬೇಕೇ ಆಗುವುದಿಲ್ಲ. ಆದರೂ ಆ ಚಿತ್ರದಲ್ಲಿ ಒಂದು ಕೊರತೆಯಿದೆ: ಸಾಲಾಗಿ ಮಲಗಿದವರೆಲ್ಲ ಒಂದೇ ಅಚ್ಚು, ಯಾರಿಗೂ ಹೆಸರಿಲ್ಲ. ಮರುವರ್ಷ, ಹಿಂದೆ ಗುಲಾಮನಾಗಿದ್ದ ಒಲೌಡಾ ಇಕ್ವಿಯಾನೊ ತನ್ನ ಬದುಕನ್ನು ತಾನೇ ಬರೆದು, ತನ್ನ ಹೆಸರಿನಲ್ಲೇ ಪ್ರಕಟಿಸಿದ. ಸಂಖ್ಯೆಯ ಪಕ್ಕದಲ್ಲಿ ಹೆಸರು ಬಂದು ನಿಂತಿತು. ಬ್ರಿಟಿಷ್ ಸಂಸತ್ತು ಆ ವ್ಯಾಪಾರವನ್ನು ನಿಷೇಧಿಸಿದ್ದು 1807ರಲ್ಲಿ. ನಿಮ್ಮ ಲೇಖನಕ್ಕೂ ಅಷ್ಟೇ ಕಾಯುವ ಶಕ್ತಿ ಇರಲಿ.

ಇನ್ನು ನಿಮ್ಮ ಕರಡಿಗೆ ಬರುತ್ತೇನೆ, ನನಗೆ ಹೆಚ್ಚು ಕಳವಳ ತಂದದ್ದು ಅಲ್ಲಿನ ಕ್ರಿಯಾಪದಗಳು. 'ಗುಡಿಸಲುಗಳು ಸುಟ್ಟುಹೋದವು.' 'ಅನ್ಯಾಯವಾಯಿತು.' 'ಕೆರೆಗೆ ವಿಷ ಸೇರಿತು.' ಇಲ್ಲೆಲ್ಲ ಏನೋ ಆಯಿತು, ಯಾರೂ ಏನೂ ಮಾಡಲಿಲ್ಲ. ಕನ್ನಡದಲ್ಲಿ 'ಆಯಿತು', 'ಹೋಯಿತು' ಬಹಳ ಸುಲಭವಾಗಿ ಬಾಯಿಗೆ ಬರುತ್ತವೆ. ತಪ್ಪಿತಸ್ಥ ಆ ಸಂದಿಯಲ್ಲೇ ನುಸುಳಿ ಹೋಗುತ್ತಾನೆ. 'ಸುಟ್ಟರು' ಎಂದು ಬರೆದು ನೋಡಿ. ಕರ್ತೃಪದ ಬಿಟ್ಟರೂ ಕ್ರಿಯಾಪದದ ತುದಿಯಲ್ಲಿ 'ಅವರು' ನಿಂತೇ ಇರುತ್ತಾರೆ, ಯಾರವರು ಎಂದು ಓದುಗ ಕೇಳಿಯೇ ಕೇಳುತ್ತಾನೆ. ಯಾರೆಂದು ಪತ್ತೆಯಾಗಿಲ್ಲದಿದ್ದರೆ ಅದನ್ನೇ ಒಂದು ವಾಕ್ಯ ಮಾಡಿ: 'ಸುಟ್ಟವರು ಯಾರೆಂದು ತನಿಖೆ ಇನ್ನೂ ಹೇಳಿಲ್ಲ.' ಊಹೆಯ ಹೆಸರನ್ನು ಮಾತ್ರ ತುಂಬಬೇಡಿ.

'ನಾವು' ಎಂಬ ಪದದ ಮೇಲೂ ಕಣ್ಣಿಡಿ. 'ನಾವೆಲ್ಲರೂ ಹೊಣೆ' ಎಂದು ಬರೆದಾಗ ಕೇಳಲು ಚೆನ್ನಾಗಿರುತ್ತದೆ, ಆದರೆ ಮನೆ ಕಳೆದುಕೊಂಡವಳನ್ನೂ ನೀವು ಹೊಣೆಗಾರರ ಸಾಲಿಗೆ ಸೇರಿಸಿರುತ್ತೀರಿ.

ಕೆಲಸದ ಕ್ರಮ ಹೀಗಿರಲಿ. ನೋಟ್‌ಬುಕ್ಕಿನ ಎಡಪುಟದಲ್ಲಿ ಹೇಳಿಕೆ, ಬಲಪುಟದಲ್ಲಿ ಅದರ ಆಧಾರ: ಕಂಡದ್ದೋ, ಕೇಳಿದ್ದೋ, ದಾಖಲೆಯೋ. ಬಲಪುಟ ಖಾಲಿಯಿದ್ದರೆ ಎಡಪುಟದ್ದು ಅಚ್ಚಿಗೆ ಹೋಗಬಾರದು. ಆರೋಪ ಹೊತ್ತವರಿಗೆ ಪ್ರಶ್ನೆಗಳನ್ನು ಬರಹದಲ್ಲೇ ಕಳಿಸಿ, ಉತ್ತರಕ್ಕೆ ಸಮಯ ಕೊಡಿ, ಬಂದ ಉತ್ತರವನ್ನು ಅವರ ಮಾತಿನಲ್ಲೇ ಹಾಕಿ. ನೊಂದವರ ಹೆಸರು ಬಳಸುವ ಮುನ್ನ ಅವರ ಒಪ್ಪಿಗೆ ಕೇಳಿ, ಅವರ ಭಾಗವನ್ನು ಅವರಿಗೆ ಓದಿ ಹೇಳಿ. ನೀವು ಬೇರೆ ವಿಷಯಕ್ಕೆ ಹೋಗಿಬಿಡುತ್ತೀರಿ, ಅವರು ಅದೇ ಬೀದಿಯಲ್ಲಿ ಬಾಳಬೇಕು. ಸತ್ತವರು ಒಂಬತ್ತಾದರೆ ಒಂಬತ್ತೇ ಬರೆಯಿರಿ. 'ಹತ್ತಾರು' ಎಂದು ಬರೆದ ಮರುದಿನ ಚರ್ಚೆಯೆಲ್ಲ ನಿಮ್ಮ ತಪ್ಪು ಲೆಕ್ಕದ ಸುತ್ತಲೇ ನಡೆಯುತ್ತದೆ, ಆ ಒಂಬತ್ತು ಜನ ಎರಡನೇ ಸಲ ಮರೆಯಾಗುತ್ತಾರೆ.

ಕರಡಿನಲ್ಲಿ ಇರುವ 'ಆಯಿತು', 'ಹೋಯಿತು'ಗಳಿಗೆಲ್ಲ ಕೆಂಪು ಶಾಯಿಯಲ್ಲಿ ಗೆರೆ ಹಾಕಿ. ಪ್ರತಿಯೊಂದರ ಎದುರಿಗೂ ಮಾಡಿದವರು ಯಾರೆಂದು ಬರೆಯಿರಿ. ಬರೆಯಲಾಗದವುಗಳ ಪಟ್ಟಿಯನ್ನು ನನಗೆ ಕಳಿಸಿ. ಯಾವ ಕಡತ ನೋಡಬೇಕು, ಯಾರನ್ನು ಮಾತಾಡಿಸಬೇಕು ಎಂಬುದನ್ನು ಆ ಪಟ್ಟಿ ಹಿಡಿದೇ ಗೊತ್ತುಮಾಡೋಣ.

ಪ್ರೀತಿಯಿಂದ,
ನಿಮ್ಮ ಹಿರಿಯ ಮಿತ್ರ