ಥ್ಯಾಂಕ್ಸ್‌ಗಿವಿಂಗ್ ರಜೆಗೆ ಮುನ್ನ ಪೋಷಕರಿಗೊಂದು ಪತ್ರ

ನವೆಂಬರ್ 18, 2025

ಪ್ರಿಯ ಪೋಷಕರೇ,

ನಮಸ್ಕಾರ. ಮೊದಲು ಕೆಲಸದ ಮಾತು. 27ನೇ ತಾರೀಖು ಗುರುವಾರ ಅಮೆರಿಕದ ಕೃತಜ್ಞತಾ ಹಬ್ಬ ಥ್ಯಾಂಕ್ಸ್‌ಗಿವಿಂಗ್. ಬಹಳ ಜನ ಊರಲ್ಲಿರುವುದಿಲ್ಲವಾದ್ದರಿಂದ 30ರ ಭಾನುವಾರ ನಮ್ಮ ಕನ್ನಡ ತರಗತಿ ಇಲ್ಲ. ಡಿಸೆಂಬರ್ 7ಕ್ಕೆ ಎಂದಿನಂತೆ ಬೆಳಗ್ಗೆ ಹತ್ತಕ್ಕೆ ಸೇರೋಣ.

ಇನ್ನೊಂದು ವಿಷಯ. ಕಳೆದ ವಾರ ಪುಟಾಣಿಗಳ ತರಗತಿಗೆ ಒಬ್ಬ ಹುಡುಗ ತಲೆಗೆ ಕಾಗದದ ಗರಿ ಕಟ್ಟಿಕೊಂಡು ಬಂದಿದ್ದ. "ಮಿಸ್, ಇಂಡಿಯನ್ಸ್ ಅಂದ್ರೆ ನಾವೇ ತಾನೇ?" ಎಂದ. (ಅವನು ಹಾಕಿದ್ದು ಅಮೆರಿಕದ ಮೂಲನಿವಾಸಿಗಳ ವೇಷ; ಅವರನ್ನೂ ಇಂಡಿಯನ್ಸ್ ಎನ್ನುವುದುಂಟು.) ನಾವೆಲ್ಲ ನಕ್ಕೆವು. ಮನೆಗೆ ಬಂದ ಮೇಲೆ, ನಕ್ಕು ಸುಮ್ಮನಾಗಬಾರದಿತ್ತು ಅನ್ನಿಸಿತು. ಅದಕ್ಕೇ ಈ ಪತ್ರ.

ಇಲ್ಲಿಂದ ಪ್ಲಿಮತ್‌ಗೆ ಕಾರಿನಲ್ಲಿ ಒಂದು ಗಂಟೆಯ ದಾರಿ. ಮಕ್ಕಳನ್ನು ಕರೆದುಕೊಂಡು ಹೋಗಿ ಇಂಗ್ಲಿಷ್ ವಲಸಿಗರು ಮೊದಲು ಕಾಲಿಟ್ಟರೆನ್ನುವ ಆ ಬಂಡೆ ನೋಡಿ ಬಂದವರು ನಮ್ಮಲ್ಲಿ ಅನೇಕರಿದ್ದೀರಿ. (ಇಷ್ಟೇನಾ ಎಂದುಕೊಂಡೂ ಇರುತ್ತೀರಿ.) ಇಂಗ್ಲಿಷರು ಬರುವ ಮೊದಲು ಅಲ್ಲಿ ಪಟಕ್ಸೆಟ್ ಎಂಬ ಊರಿತ್ತು, ವಾಂಪನೋಗ್ ಎಂಬ ಮೂಲನಿವಾಸಿಗಳದ್ದು. ಆ ಊರಿನ ಟಿಸ್ಕ್ವಾಂಟಮ್ ಎಂಬವನನ್ನು 1614ರಲ್ಲಿ ಒಬ್ಬ ಇಂಗ್ಲಿಷ್ ಕಪ್ತಾನ ಇನ್ನೂ ಹಲವರ ಜೊತೆ ಹಿಡಿದು, ಗುಲಾಮರಾಗಿ ಮಾರಲು ಸ್ಪೇನಿಗೆ ಒಯ್ದ. ಟಿಸ್ಕ್ವಾಂಟಮ್ ಹೇಗೋ ಇಂಗ್ಲೆಂಡ್ ಸೇರಿ, ಭಾಷೆ ಕಲಿತು, 1619ರಲ್ಲಿ ಮರಳಿ ಬಂದ. ನೋಡಿದರೆ ಊರಿನಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಯುರೋಪಿನವರಿಂದ ಹಬ್ಬಿದ ಸಾಂಕ್ರಾಮಿಕ ಪಟಕ್ಸೆಟ್ ಅನ್ನು ಬರಿದು ಮಾಡಿತ್ತು. ಮರುವರ್ಷ ಮೇಫ್ಲವರ್ ಹಡಗಿನಲ್ಲಿ ಬಂದ 102 ಮಂದಿ ಇಂಗ್ಲಿಷ್ ವಲಸಿಗರು ಮನೆ ಕಟ್ಟಿಕೊಂಡದ್ದು ಆ ಹಾಳೂರಿನ ಮೇಲೆ. ಮೊದಲ ಚಳಿಗಾಲಕ್ಕೇ ಅವರಲ್ಲಿ ಅರ್ಧದಷ್ಟು ಜನ ತೀರಿಕೊಂಡರು. ಉಳಿದವರಿಗೆ ಮೀನನ್ನು ಗೊಬ್ಬರವಾಗಿ ಹಾಕಿ ಮುಸುಕಿನ ಜೋಳ ಬೆಳೆಯುವುದನ್ನು ಹೇಳಿಕೊಟ್ಟವನು ಟಿಸ್ಕ್ವಾಂಟಮ್. ತನ್ನನ್ನು ಹೊತ್ತೊಯ್ದವರ ಭಾಷೆಯಲ್ಲೇ ಹೇಳಿಕೊಟ್ಟ.

ಈ ಹಬ್ಬದ ಮೂಲ ಎಂದು ಹೇಳುವ, 1621ರ ಸುಗ್ಗಿಯಾದ ಮೇಲೆ ನಡೆದ ಮೂರು ದಿನದ ಊಟದ ಬಗ್ಗೆ ಆ ವಲಸಿಗರಲ್ಲೊಬ್ಬನಾದ ಎಡ್ವರ್ಡ್ ವಿನ್ಸ್ಲೊ ಬರೆದ ಕಾಗದವೊಂದು ಉಳಿದಿದೆ. ವಾಂಪನೋಗ್ ಒಡೆಯ ಮ್ಯಾಸಸಾಯ್ಟ್ 90 ಜನರೊಂದಿಗೆ ಬಂದನಂತೆ, 5 ಜಿಂಕೆ ಬೇಟೆಯಾಡಿ ತಂದುಕೊಟ್ಟರಂತೆ. ಹಕ್ಕಿಗಳ ಮಾತಿದೆ, ಇಂದಿನ ಹಬ್ಬದೂಟದ ಟರ್ಕಿ ಕೋಳಿಯ ಹೆಸರಿಲ್ಲ! ಚಿತ್ರಪುಸ್ತಕಗಳು ಇಲ್ಲಿಗೆ ಮುಗಿಯುತ್ತವೆ. ಆದರೆ 1676ರಲ್ಲಿ, ಅದೇ ಪ್ಲಿಮತ್‌ನಲ್ಲಿ, ಆ ಒಡೆಯನ ಮಗ ಮೆಟಾಕಾಮ್‌ನ ತಲೆಯನ್ನು ಇಂಗ್ಲಿಷರು ಕಂಬಕ್ಕೆ ಸಿಕ್ಕಿಸಿ ನಿಲ್ಲಿಸಿದ್ದರು. 1970ರಿಂದ ಪ್ರತಿ ಥ್ಯಾಂಕ್ಸ್‌ಗಿವಿಂಗ್ ದಿನ ಮೂಲನಿವಾಸಿಗಳು ಅಲ್ಲಿನ ಕೋಲ್ಸ್ ಹಿಲ್ ಮೇಲೆ ಸೇರಿ ಶೋಕದಿನ ಆಚರಿಸುತ್ತಾರೆ. ಐದು ವರ್ಷದವರಿಗೆ ಇದನ್ನೆಲ್ಲ ಹೇಳಿ ಎನ್ನುತ್ತಿಲ್ಲ. ಹನ್ನೆರಡು ವರ್ಷದವರಿಗೆ ಹೇಳಲೇಬೇಕು.

ಈ ಹಬ್ಬ ದೇಶಕ್ಕೆಲ್ಲ ಒಂದೇ ದಿನ ಎಂದಾದದ್ದು ಬಹಳ ತಡವಾಗಿ. ಸಾರಾ ಜೋಸೆಫಾ ಹೇಲ್ ಎಂಬ ಪತ್ರಿಕಾ ಸಂಪಾದಕಿ ವರ್ಷಗಟ್ಟಲೆ ಬೆನ್ನುಬಿದ್ದರು. ಅಂತರ್ಯುದ್ಧದ ನಡುವೆ, 1863ರಲ್ಲಿ, ಅಧ್ಯಕ್ಷ ಲಿಂಕನ್ ಅದನ್ನು ಘೋಷಿಸಿದರು. ನವೆಂಬರಿನ ನಾಲ್ಕನೇ ಗುರುವಾರ ಎಂದು ಕಾನೂನಾದದ್ದು 1941ರಲ್ಲಿ.

ನನ್ನ ಪಾಲಿಗೆ ಈ ಹಬ್ಬ ಶುರುವಾದದ್ದು ಹಾಲಿನಿಂದ. 1999, ಈ ದೇಶಕ್ಕೆ ಬಂದು ಮೂರೇ ವಾರ. ನಮ್ಮವರು ವಿಮಾನ ತಪ್ಪಿ ಷಿಕಾಗೋದಲ್ಲೇ ಉಳಿದಿದ್ದರು. ಒಂದೂವರೆ ವರ್ಷದ ಮಗಳು, ಮನೆಯಲ್ಲಿ ಹಾಲಿಲ್ಲ. ಅವಳನ್ನು ಎತ್ತಿಕೊಂಡು ಅಂಗಡಿಗೆ ನಡೆದರೆ ಬಾಗಿಲು ಹಾಕಿದೆ. ಪಕ್ಕದ್ದೂ ಹಾಕಿದೆ. ಏನೋ ಬಂದ್ ಇರಬೇಕು ಎಂದುಕೊಂಡೆ. ಬೆಂಗಳೂರಿನವಳಿಗೆ ಬೇರೇನು ಹೊಳೆದೀತು! (ಮಸ್ಸಾಚುಸೆಟ್ಸ್‌ನಲ್ಲಿ ಆ ದಿನ ಸೂಪರ್‌ಮಾರ್ಕೆಟ್ ತೆರೆಯಬಾರದೆಂಬ ಹಳೇ ಕಾನೂನಿದೆ ಎಂದು ತಿಳಿದದ್ದು ಆಮೇಲೆ.) ಮಗಳ ಅಳು ಕೇಳಿ ಕೆಳಗಿನ ಮನೆಯಾಕೆ ಬಾಗಿಲು ತಟ್ಟಿದರು. ಹಾಲು ತಂದುಕೊಟ್ಟರು. ಸಂಜೆ ಗಾಜಿನ ಬಟ್ಟಲಿನಲ್ಲಿ ಬೆಣ್ಣೆ ಹಾಕಿ ಹಿಸುಕಿದ ಆಲೂಗಡ್ಡೆಯನ್ನೂ ಕಳಿಸಿದರು. ಬರೀ ಪಾತ್ರೆ ವಾಪಸ್ ಕೊಡುವುದು ನಮ್ಮಲ್ಲಿಲ್ಲವಲ್ಲ, ಮಾರನೇ ದಿನ ಅದರಲ್ಲಿ ಕೇಸರಿಬಾತ್ ತುಂಬಿ ಕೊಟ್ಟೆ. ವಾರ ಬಿಟ್ಟು ಅದೇ ಬಟ್ಟಲಲ್ಲಿ ಕುಕೀ ಬಂತು. ಹೀಗೆ ಮೂರು ವರ್ಷ ಅದು ಮೆಟ್ಟಿಲು ಹತ್ತಿ ಇಳಿಯಿತು. ನಾವು ಮನೆ ಬದಲಿಸಿದಾಗ ನಮ್ಮ ಕಡೆಯೇ ಇತ್ತು. ಈಗಲೂ ಇದೆ.

ಹಿರಿಯ ಮಕ್ಕಳಿಗೆ ಈ ಸಲದ ಮನೆಗೆಲಸ 'ಋಣ' ಎಂಬ ಒಂದೇ ಪದ. ಅನ್ನದ ಋಣ, ಮಣ್ಣಿನ ಋಣ, ಋಣ ತೀರಿತು, ಋಣಾನುಬಂಧ. ಇದನ್ನು ಇಂಗ್ಲಿಷಿಗೆ ಹೇಗೆ ತರುತ್ತಾರೋ, ಪರದಾಡಲಿ. ಕಿರಿಯರು ಗುರುವಾರ ನಿಮ್ಮ ಅಡುಗೆಮನೆಯಲ್ಲಿ ನಿಂತು, ಅಮೆರಿಕ ಖಂಡಗಳ ಮೂಲನಿವಾಸಿಗಳು ಮೊದಲು ಬೆಳೆದ ಪದಾರ್ಥಗಳನ್ನು ಹುಡುಕಿ ಕನ್ನಡದಲ್ಲಿ ಪಟ್ಟಿ ಮಾಡಲಿ: ಆಲೂಗಡ್ಡೆ, ಟೊಮೇಟೊ, ಕಡಲೆಕಾಯಿ, ಸಿಹಿಗುಂಬಳ, ಮುಸುಕಿನ ಜೋಳ. ನೀವು ಊರಿಂದ ಹೊತ್ತು ತಂದ ಬ್ಯಾಡಗಿ ಮೆಣಸಿನಕಾಯಿಯನ್ನೂ ಬಿಡುವಂತಿಲ್ಲ; ಅದರ ಮುತ್ತಜ್ಜಿಯೂ ಈ ಕಡೆಯವಳೇ, ಪೋರ್ಚುಗೀಸರ ಹಡಗು ಹತ್ತಿ ನಮ್ಮ ಕಡೆಗೆ ಬಂದವಳು. ಗರಿಯ ಕಿರೀಟ ಮಾತ್ರ ನಮ್ಮಲ್ಲಿ ಮಾಡಿಸುವುದು ಬೇಡ.

ಕೊನೆಗೊಂದು ಕೋರಿಕೆ: ರಾಜ್ಯೋತ್ಸವದ ಊಟದ ದಿನ ಬಿಟ್ಟುಹೋದ ಏಳು ಪಾತ್ರೆ, ಎರಡು ಮುಚ್ಚಳ ಶಾಲೆಯ ಬೀರುವಿನಲ್ಲಿವೆ. ಡಿಸೆಂಬರ್ 7ಕ್ಕೆ ಬಂದಾಗ ದಯವಿಟ್ಟು ತೆಗೆದುಕೊಂಡು ಹೋಗಿ. ಸದ್ಯ ಖಾಲಿಯೇ ಕೊಡುತ್ತೇನೆ, ಬೇಸರಿಸಬೇಡಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ
ಭಾನುವಾರದ ಕನ್ನಡ ತರಗತಿಗಳು