ಭಾನುವಾರ ನೋಡೋಣ: ತೋಳದ ರೋಮನ್ ನಾಣ್ಯ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 7ಕ್ಕೆ ವಿಡಿಯೋ ಕಾಲ್‌ನಲ್ಲಿ ಸೇರೋಣ. ಈ ಸಲ ನೋಡುವುದು ಚಕ್ರವರ್ತಿ ಕಾನ್‌ಸ್ಟಂಟೈನ್ ಕಾಲದ ‘ಉರ್ಬ್ಸ್ ರೋಮಾ’ (ಅಂದರೆ ರೋಮ್ ನಗರ) ಕಂಚಿನ ನಾಣ್ಯ. ಕ್ರಿ.ಶ. 330ರಲ್ಲಿ ಕಾನ್‌ಸ್ಟಾಂಟಿನೋಪಲ್ ಹೊಸ ರಾಜಧಾನಿಯಾದ ಹೊತ್ತಿನಲ್ಲಿ ಹಳೇ ರೋಮ್ ನಗರದ ಗೌರವಕ್ಕೆ ಹೊರಬಂದದ್ದು. ಒಂದು ಕಡೆ ಶಿರಸ್ತ್ರಾಣ ತೊಟ್ಟ ರೋಮಾ ದೇವಿ. ಇನ್ನೊಂದು ಕಡೆ ಹೆಣ್ಣು ತೋಳ, ಅದರ ಹೊಟ್ಟೆ ಕೆಳಗೆ ಹಾಲು ಕುಡಿಯುತ್ತಿರುವ, ರೋಮ್ ಹುಟ್ಟಿದ ಕಥೆಯ ಅವಳಿ ಮಕ್ಕಳು ರೊಮುಲಸ್, ರೆಮಸ್, ಮೇಲೆ ಎರಡು ನಕ್ಷತ್ರ. ಅಷ್ಟು ಚಿಕ್ಕ ಜಾಗದಲ್ಲಿ ಒಂದು ಊರು ಹುಟ್ಟಿದ ಕಥೆಯೇ ಇದೆ, ಅಲ್ವಾ?

ನಾಣ್ಯ ಇರುವವರು ಶುಕ್ರವಾರದೊಳಗೆ ಎರಡೂ ಬದಿಯ ಫೋಟೋ ಹಾಕಿ. ಫ್ಲ್ಯಾಶ್ ಬೇಡ, ಪಕ್ಕದಿಂದ ಬೆಳಕು ಬಿದ್ದರೆ ಅಕ್ಷರಗಳು ಎದ್ದು ಕಾಣುತ್ತವೆ. ತೂಕ, ಅಗಲವನ್ನೂ ಬರೆಯಿರಿ. ತೋಳದ ಕಾಲ ಕೆಳಗಿನ ಅಕ್ಷರಗಳು ಫೋಟೋದಲ್ಲಿ ಬರಲೇಬೇಕು. ಯಾವ ಟಂಕಸಾಲೆ ಅಂತ ತಿಳಿಯುವುದೇ ಅದರಿಂದ. ‘ಟಿಆರ್‌ಪಿ’ ಅಂತಿದ್ದರೆ ಟ್ರಿಯರ್ (ಈಗಿನ ಜರ್ಮನಿಯ ಊರು), ‘ಎಸ್‌ಐಎಸ್’ ಇದ್ದರೆ ಸಿಸ್ಕಿಯಾ (ಈಗಿನ ಕ್ರೊಯೇಷಿಯಾದ ಊರು). ಹೊಸಬರು ಗಮನಿಸಿ: ‘ಯು’ ಇರಬೇಕಾದ ಕಡೆ ‘ವಿ’ ಇರುತ್ತದೆ.

ದಯವಿಟ್ಟು ಹುಣಸೆಹಣ್ಣು, ನಿಂಬೆರಸ ಹಾಕಿ ಉಜ್ಜಬೇಡಿ. ಹಸಿರು ಪದರದ ಜೊತೆ ಚಿತ್ರದ ನಯವೂ ಹೋಗುತ್ತದೆ, ಮತ್ತೆ ಬರುವುದಿಲ್ಲ.

ಯಾರ್ಯಾರು ಬರುತ್ತೀರಿ ಅಂತ ಗುರುವಾರದೊಳಗೆ ಇಲ್ಲೇ ತಿಳಿಸಿ. ನಾಣ್ಯ ಇಲ್ಲದವರೂ ಖಂಡಿತ ಬನ್ನಿ.