ಪುನರ್ಪುಳಿಯ ಥೀಸಿಸ್ ಮುಗಿಯಿತು, ಇವರಿಗೆಲ್ಲ ಋಣಿ

ಮೊನ್ನೆ ವೈವಾ ಮುಗಿಯಿತು. ಪಿಎಚ್‌ಡಿ ಆಯಿತು. ಥೀಸಿಸ್‌ನಲ್ಲಿ ಒಂದು ಪುಟ ಕೃತಜ್ಞತೆ ಬರೆದಿದ್ದೇನೆ, ಆದರೆ ಅದು ಇಂಗ್ಲಿಷಿನಲ್ಲಿದೆ. ನಾನು ಯಾರಿಗೆ ಋಣಿಯೋ ಅವರಲ್ಲಿ ಜಾಸ್ತಿ ಜನ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯವರು. ಅವರಿಗೆ ಕನ್ನಡದಲ್ಲೇ ಹೇಳಬೇಕು ಅನ್ನಿಸಿತು.

ಇಷ್ಟು ವರ್ಷ ಪುನರ್ಪುಳಿ (ಕೋಕಂ) ಎಂಬ ಹುಳಿ ಹಣ್ಣಿನ ಹಿಂದೆ ಯಾಕೆ ಓಡಾಡಿದೆ ಅಂತ ಕೇಳಿದವರಿಗೆಲ್ಲ ಆಗ ಸರಿಯಾಗಿ ಉತ್ತರ ಕೊಡಲು ಪುರುಸೊತ್ತಿರಲಿಲ್ಲ. ಈಗ ಹೇಳುತ್ತೇನೆ. ಗಾಯ ಆದಾಗ, ಸೋಂಕು ತಗಲಿದಾಗ ಆ ಜಾಗ ಕೆಂಪಾಗಿ ಊದುತ್ತದೆ, ಬಿಸಿಯಾಗುತ್ತದೆ, ನೋಯುತ್ತದೆ. ಇದೇ ಉರಿಯೂತ. ಇದನ್ನು ನಡೆಸುವುದರಲ್ಲಿ ಕಿಣ್ವಗಳ, ಅಂದರೆ ದೇಹದ ರಾಸಾಯನಿಕ ಕ್ರಿಯೆಗಳನ್ನು ಚುರುಕಾಗಿಸುವ ಪ್ರೋಟೀನುಗಳ, ಪಾತ್ರ ದೊಡ್ಡದು. ಉರಿಯೂತದ ಸಂದೇಶ ಒಯ್ಯುವ ವಸ್ತುಗಳಲ್ಲಿ ಪ್ರೊಸ್ಟಾಗ್ಲಾಂಡಿನ್‌ಗಳು ಕಾಕ್ಸ್-2 ಎಂಬ ಕಿಣ್ವದಿಂದ ಹುಟ್ಟುತ್ತವೆ, ಲ್ಯೂಕೋಟ್ರೈನ್‌ಗಳು 5-ಲಿಪಾಕ್ಸಿಜನೇಸ್‌ನಿಂದ. ನೈಟ್ರಿಕ್ ಆಕ್ಸೈಡ್ ಮಾಡುವ ಕಿಣ್ವ ಬೇರೆಯೇ ಇದೆ. ಕೆಲಸ ಮುಗಿದ ಮೇಲೆ ಇವೆಲ್ಲ ಸುಮ್ಮನಾಗಬೇಕು. ಆಗದಿದ್ದರೆ ಒಳ್ಳೆಯ ಅಂಗಾಂಶವೇ ಹಾಳಾಗುತ್ತದೆ. ಪುನರ್ಪುಳಿ ಸಿಪ್ಪೆಯಲ್ಲಿರುವ ವಸ್ತುಗಳು ಈ ಕಿಣ್ವಗಳನ್ನು ಎಷ್ಟು ತಡೆಯುತ್ತವೆ? ಸಿಪ್ಪೆ ಒಣಗಿಸುವ ರೀತಿ ಬದಲಾದರೆ ಅದೂ ಬದಲಾಗುತ್ತದಾ? ಇದು ನನ್ನ ಥೀಸಿಸ್.

ಎರಡನೆಯ ಪ್ರಶ್ನೆ ಪೆರ್ಲದ ದೊಡ್ಡಮ್ಮ ಕೊಟ್ಟದ್ದು. ಹಣ್ಣು ಕೇಳಲು ಹೋದವಳಿಗೆ ಅವರು, "ಯಾವ ಸಿಪ್ಪೆ ಬೇಕು ಕೂಸೇ? ಬಿಸಿಲಿನದ್ದಾ, ಅಟ್ಟದ್ದಾ?" ಅಂತ ಕೇಳಿದರು. ಮಳೆ ಬೇಗ ಹಿಡಿದ ವರ್ಷ ಸಿಪ್ಪೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುತ್ತಾರೆ. ಎರಡರ ಬಣ್ಣವೂ ಬೇರೆ, ಸಾರಿನ ರುಚಿಯೂ ಬೇರೆ ಎಂದರು. ನಾನು ಓದಿದ ಪೇಪರುಗಳಲ್ಲಿ "ಒಣಗಿಸಿದ ಸಿಪ್ಪೆ" ಅಂತ ಒಂದೇ ಮಾತಿನಲ್ಲಿ ಮುಗಿಸಿದ್ದರು. ದೊಡ್ಡಮ್ಮ ಮತ್ತು ಆಚೀಚೆ ಮನೆಯವರು ಆ ಮೇಲೆ ಪ್ರತಿ ವರ್ಷ ಏಪ್ರಿಲ್-ಮೇ ಬಂತೆಂದರೆ ಮರ ಮರದ ಹಣ್ಣು ಬೇರೆ ಬೇರೆ ಕೊಯ್ದು, ಚೀಟಿ ಕಟ್ಟಿ ಇಡುತ್ತಿದ್ದರು. ಮದುವೆ, ಉಪನಯನಗಳ ಗಡಿಬಿಡಿಯಲ್ಲೂ ಒಂದು ಚೀಟಿ ತಪ್ಪಲಿಲ್ಲ. ಒಬ್ಬರೂ ದುಡ್ಡು ಮುಟ್ಟಲಿಲ್ಲ. ನನ್ನ ಕೋಷ್ಟಕಗಳು ನಿಂತಿರುವುದು ಆ ಚೀಟಿಗಳ ಮೇಲೆ.

ಸಿಪ್ಪೆಯಲ್ಲಿರುವುದೆಲ್ಲ ಸಾರಿಗೆ ಬರುತ್ತದಾ ಅಂತ ಅವರು ಕೇಳುತ್ತಿದ್ದರು. ಅದಕ್ಕೆ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಸಿಪ್ಪೆಯ ಕೆಂಪು ಬಣ್ಣ ಆಂಥೋಸಯನಿನ್‌ಗಳದ್ದು. ಹುಳಿಯಲ್ಲಿ ದೊಡ್ಡ ಪಾಲು ಹೈಡ್ರಾಕ್ಸಿಸಿಟ್ರಿಕ್ ಆಮ್ಲದ್ದು. ಇವೆರಡೂ ನೀರಿಗೆ ಇಳಿಯುತ್ತವೆ, ಹಾಗಾಗಿ ಸಾರಿಗೆ ಬರುತ್ತವೆ. ಬಣ್ಣ ಮಾತ್ರ ಬೆಳಕಿಗೂ ಬಿಸಿಗೂ ಕೆಡುತ್ತದೆ. ಸಿಪ್ಪೆಯಲ್ಲಿರುವ, ಎಲ್ಲರೂ ಹೆಸರು ಹೇಳುವ ಗಾರ್ಸಿನಾಲ್ ಎಣ್ಣೆಯಂಥದ್ದರಲ್ಲಿ ಕರಗುವ ವಸ್ತು. ನೀರಲ್ಲಿ ಕುದಿಸಿದರೆ ಅದು ಹೆಚ್ಚುಕಡಿಮೆ ಸಿಪ್ಪೆಯಲ್ಲೇ ಉಳಿಯುತ್ತದೆ. ಹಾಗಾಗಿ ಲ್ಯಾಬಿನಲ್ಲಿ ಗಾರ್ಸಿನಾಲ್ ಮಾಡಿದ್ದನ್ನೆಲ್ಲ ನಮ್ಮ ಸಾರಿನ ಲೆಕ್ಕಕ್ಕೆ ಸೇರಿಸಲು ಆಗುವುದಿಲ್ಲ. ಸಾರು ಚೆನ್ನಾಗಿದೆ, ಕುಡಿಯೋಣ. ಅಷ್ಟು ಸಾಕು ಅಲ್ವಾ?

ಮಂಗಳೂರಿನ ನಮ್ಮ ಲ್ಯಾಬಿನ ಕಾಞಂಗಾಡಿನ ಚೇಚಿಗೆ (ಮಲಯಾಳದಲ್ಲಿ ಅಕ್ಕ) ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆ. ಜೀವಕೋಶಗಳು ಮಾಡಿದ ನೈಟ್ರಿಕ್ ಆಕ್ಸೈಡನ್ನು ಅಳೆಯಲು ಗ್ರೀಸ್ (Griess) ಎಂಬ ದ್ರಾವಣ ಹಾಕುತ್ತೇವೆ. ಗುಲಾಬಿ ಬಣ್ಣ ಬರುತ್ತದೆ, ಅದನ್ನು 540 ನ್ಯಾನೋಮೀಟರಿನ ಹತ್ತಿರ ಓದುತ್ತೇವೆ. ಗ್ರೀಸ್ ದ್ರಾವಣ ಆಮ್ಲೀಯ. ಆಮ್ಲದಲ್ಲಿ ಪುನರ್ಪುಳಿಯ ಬಣ್ಣವೂ ಕೆಂಪಾಗಿ ಹೊಳೆಯುತ್ತದೆ. ಯಂತ್ರಕ್ಕೆ ಯಾವ ಕೆಂಪು ಯಾರದ್ದು ಅಂತ ಗೊತ್ತಾಗುವುದಿಲ್ಲ. ನಾನು ಶುರು ಮಾಡುವ ಮೊದಲೇ ಚೇಚಿ ಪಕ್ಕದಲ್ಲಿ ಕೂತು, ಸಿಪ್ಪೆಯ ಬಣ್ಣವನ್ನು ಲೆಕ್ಕದಿಂದ ಕಳೆಯಲು ಬರೀ ಸಿಪ್ಪೆಯ ಸಾರ ಹಾಕಿದ ಗುಂಡಿಗಳನ್ನು ಪ್ರತಿ ತಟ್ಟೆಯಲ್ಲೂ ಬೇರೆ ಇಡಿಸಿದರು. ಅವರ ಮಲಯಾಳ, ನನ್ನ ಕನ್ನಡ. ಕೆಲಸ ಚೆಂದವಾಗಿ ನಡೆಯಿತು.

ಗೈಡ್ ಮೇಡಂ ನನ್ನ ಪ್ರತಿ ವಾಕ್ಯದ ಪಕ್ಕ ಕೇಳುತ್ತಿದ್ದದ್ದು ಒಂದೇ: "ಇದು ಎಲ್ಲಿ ಕಂಡದ್ದು? ಟ್ಯೂಬಿನಲ್ಲಾ, ಜೀವಕೋಶದಲ್ಲಾ, ಮನುಷ್ಯರಲ್ಲಾ?" ಅಂಗಾಂಶ ಕೆಡಿಸಬಲ್ಲ ಫ್ರೀ ರಾಡಿಕಲ್ ಎಂಬ ಕಣಗಳನ್ನು ಒಂದು ವಸ್ತು ತಣಿಸುತ್ತದಾ ಅಂತ ನೋಡಲು ಡಿಪಿಪಿಎಚ್ ಎಂಬ ನೇರಳೆ ದ್ರಾವಣ ಬಳಸುತ್ತೇವೆ. ಸಿಪ್ಪೆಯ ಸಾರ ಹಾಕಿದರೆ ಅದು ಹಳದಿಯಾಗುತ್ತದೆ. ನೋಡಲು ಖುಷಿ. ಆದರೆ ತಿಂದ ಆಂಥೋಸಯನಿನ್‌ನಲ್ಲಿ ಹಾಗೇ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಸಸ್ಯಗಳ ಇಂಥ ಹಲವು ವಸ್ತುಗಳು ಈ ಕಣಗಳ ಜೊತೆ ನೇರವಾಗಿ ಹೋರಾಡುವುದಕ್ಕಿಂತ, ಎನ್‌ಆರ್‌ಎಫ್2 ಎಂಬ ಪ್ರೋಟೀನನ್ನು ಎಬ್ಬಿಸಿ ನಮ್ಮದೇ ರಕ್ಷಕ ಕಿಣ್ವಗಳನ್ನು ಹೆಚ್ಚಿಸುವ ದಾರಿಯೇ ಮುಖ್ಯ ಇರಬಹುದು ಎಂಬ ಯೋಚನೆ ಈಗ ಬಲವಾಗಿದೆ. ಈ ಎಚ್ಚರ ಕಲಿಸಿದ್ದಕ್ಕೆ ಮೇಡಂಗೆ ನಮಸ್ಕಾರ.

2020ರ ಮಾರ್ಚಿನಲ್ಲಿ, ಕೊರೋನಾ ಸಮಯದಲ್ಲಿ, ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿತು. ನಾನು ಈಚೆ ಊರಲ್ಲಿ, ಜೀವಕೋಶಗಳು ಆಚೆ ಮಂಗಳೂರಿನ ಲ್ಯಾಬಿನಲ್ಲಿ. ಅವು ಮೈನಸ್ 196 ಡಿಗ್ರಿಯ ದ್ರವ ಸಾರಜನಕದ ಪಾತ್ರೆಯಲ್ಲಿರುತ್ತವೆ. ಸಾರಜನಕ ದಿನಾ ಆವಿಯಾಗುತ್ತದೆ, ತುಂಬದೆ ಬಿಟ್ಟರೆ ಎಲ್ಲವೂ ಹೋದಂತೆ. ಲ್ಯಾಬ್ ಅಟೆಂಡರ್ ಅಣ್ಣ ಪಾಸ್ ಮಾಡಿಸಿಕೊಂಡು ಬಂದು ತುಂಬಿಸುತ್ತಿದ್ದರು. ಕಡ್ಡಿ ಇಳಿಸಿ ಮಟ್ಟ ನೋಡಿ ಫೋಟೋ ಕಳುಹಿಸುತ್ತಿದ್ದರು. ಅದು ಅವರ ಕೆಲಸದ ಪಟ್ಟಿಯಲ್ಲಿ ಇರಲಿಲ್ಲ.

ಅದೇ ಹೊತ್ತಿಗೆ ಮನೆಯಲ್ಲೂ ಕಷ್ಟ. ಅಮ್ಮನಿಗೆ ರುಮಟಾಯ್ಡ್ ಸಂಧಿವಾತ. ಡಾಕ್ಟರು ಇರುವುದು ಮಂಗಳೂರಿನಲ್ಲಿ. ಅಮ್ಮ ತೆಗೆದುಕೊಳ್ಳುವ ಹೈಡ್ರಾಕ್ಸಿಕ್ಲೋರೋಕ್ವಿನ್ ಆಗ ಕೊರೋನಾದ ಭಯಕ್ಕೆ ಅಂಗಡಿಗಳಲ್ಲಿ ಖಾಲಿ. ಬದಿಯಡ್ಕದ ಮೆಡಿಕಲ್ ಶಾಪಿನವರು ಕಣ್ಣೂರು ಕಡೆಯಿಂದ ತರಿಸಿ ಮನೆಗೇ ಮುಟ್ಟಿಸಿದರು. ಡಾಕ್ಟರು ರಾತ್ರಿ ಫೋನಿನಲ್ಲೇ ಬೆರಳುಗಳ ಊತ ವಿಚಾರಿಸುತ್ತಿದ್ದರು. ಇಬ್ಬರನ್ನೂ ನಮ್ಮ ಮನೆಯವರು ಮರೆಯುವುದಿಲ್ಲ.

ಒಮ್ಮೆ ಅಮ್ಮ ಕೇಳಿದರು, "ನಿನ್ನ ಪುನರ್ಪುಳಿಯಲ್ಲಿ ಇದು ಗುಣ ಆಗ್ಲಿಕ್ಕಿಲ್ಲವಾ?" ಇಲ್ಲ ಅಮ್ಮಾ ಅಂದೆ. ವಾರಕ್ಕೊಮ್ಮೆಯ ಮೆಥೋಟ್ರೆಕ್ಸೇಟ್ ಮಾತ್ರೆಯೂ ಒಂದು ಕಿಣ್ವವನ್ನೇ ತಡೆಯುತ್ತದೆ, ಆದರೆ ಅದನ್ನು ಸಾವಿರಾರು ರೋಗಿಗಳ ಮೇಲೆ ನೋಡಿ ಡೋಸ್ ಗೊತ್ತು ಮಾಡಿದ್ದಾರೆ, ನನ್ನದು ತಟ್ಟೆಯಲ್ಲಿರುವ ಜೀವಕೋಶ ಅಂತ ವಿವರಿಸಿದೆ. ಅಮ್ಮನಿಗೆ ಬೇಸರ ಆಗಲಿಲ್ಲ. ಮಾತ್ರೆಯನ್ನೂ ಬಿಡಲಿಲ್ಲ. ನೆಂಟರು ಯಾರಾದರೂ "ಮಗಳೇ ಮದ್ದು ಕಂಡುಹಿಡಿದಿದ್ದಾಳಲ್ಲ" ಅಂದರೆ ಈಗ ಅಮ್ಮನೇ ತಿದ್ದುತ್ತಾರೆ. ನನ್ನ ಸಂಶೋಧನೆಯನ್ನು ಇಷ್ಟು ಸರಿಯಾಗಿ ಅರ್ಥ ಮಾಡಿಕೊಂಡ ಅಮ್ಮ ನನಗೆ ಸಿಕ್ಕಿದ್ದಾರೆ.

ಫೆಲೋಶಿಪ್ ತಿಂಗಳುಗಟ್ಟಲೆ ಬಾರದೆ ಇದ್ದಾಗ ಅಪ್ಪ ರೇಟು ಏರುವವರೆಗೆ ಇಡಬೇಕೆಂದಿದ್ದ ಚಾಲಿ ಅಡಿಕೆಯನ್ನು ಕೊಟ್ಟುಬಿಟ್ಟರು. ಒಂದು ಮಾತೂ ಆಡಲಿಲ್ಲ. ಆಮ್ಲ, ಪ್ರತ್ಯಾಮ್ಲ, ಕಿಣ್ವ ಎಲ್ಲವನ್ನೂ ಕನ್ನಡದಲ್ಲೇ ತಲೆಗೆ ಹತ್ತಿಸಿದ ಶಾಲೆಯ ಮಾಷ್ಟ್ರಿಗೂ ನಮಸ್ಕಾರ.

ನಾನು ಕಾಣದವರಿಗೂ ಋಣ ಇದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯಲ್ಲಿ ಲೂಯಿಸ್ ಮತ್ತು ನೀಲಕಂಠನ್ ಪುನರ್ಪುಳಿಯ ಜಾತಿಯದ್ದೇ ಆದ ಕುಡಂಪುಳಿಯ ಹುಳಿ ಯಾವ ಆಮ್ಲದ್ದು ಅಂತ 1965ರಲ್ಲಿ ತೋರಿಸಿದರು. ಡಿಎನ್‌ಎ ಸುತ್ತಿಕೊಂಡಿರುವ ಪ್ರೋಟೀನುಗಳನ್ನು ಬದಲಿಸುವ ಹಿಸ್ಟೋನ್ ಅಸಿಟೈಲ್‌ಟ್ರಾನ್ಸ್‌ಫರೇಸ್ ಎಂಬ ಕಿಣ್ವಗಳನ್ನು ಗಾರ್ಸಿನಾಲ್ ತಡೆಯುತ್ತದೆ ಅಂತ 2004ರಲ್ಲಿ ತೋರಿಸಿದ್ದು ಬೆಂಗಳೂರಿನ ಜವಾಹರಲಾಲ್ ನೆಹರು ವೈಜ್ಞಾನಿಕ ಸಂಶೋಧನಾ ಕೇಂದ್ರದ ತಂಡ. ನನ್ನ ಕೆಲಸ ಇವರ ನಂತರದ ಒಂದು ಸಣ್ಣ ಹೆಜ್ಜೆ.

ಥೀಸಿಸ್‌ನ ಸಾರಾಂಶವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹಣ್ಣು ಕೊಟ್ಟ ಪ್ರತಿ ಮನೆಗೂ ಒಂದು ಪ್ರತಿ ಬರುತ್ತದೆ. ಯಾವ ಮರದ ಸಿಪ್ಪೆಯಲ್ಲಿ ಏನು ಕಂಡಿತು ಅಂತ ಅದರಲ್ಲಿ ಮನೆವಾರು ಇರುತ್ತದೆ. ಓದಿ ಸಂಶಯ ಬಂದರೆ ಮನೆಗೇ ಬನ್ನಿ, ಇನ್ನೊಂದು ತಿಂಗಳು ಊರಲ್ಲೇ ಇರುತ್ತೇನೆ.